ಬೋರಕ್ಕನ ಕೊನೆಕೂಗು

“ಹೊನ್ನಿ ಬಂದಿದಾಳೆ ಕಣೇ. ನಾಲ್ಕು ದಿನ ಆಯ್ತಂತೆ. ನಾವಿಬ್ರು ನೋಡಿದ್ರೆ ಬೆಪ್ಪುಗಳ ಥರ ಪಾನಿಪುರಿ ತಿನ್ಕೊಂಡು ಊರೆಲ್ಲ ಸುತ್ತಾಡ್ತಿದೀವಿ” ಎಂದು ನಗ್ಮಾ ಒಂದೇ ಉಸಿರಿಗೆ ಹೇಳಿ ನನ್ನ ಮಂಚದ ಮೇಲೆ ಕುಕ್ಕರಿಸಿದಳು. ನಾನು ಅರ್ಧ ಕುಡಿದಿಟ್ಟಿದ್ದ ಕಾಫಿಯನ್ನು ಎತ್ತಿ ತಾನೇ ಮುಗಿಸಿದಳು.

“ಯಾವ ಹೊನ್ನಿ?” ಎಂದೆ. ಗೊತ್ತಿದ್ದೂ ಕೇಳಿದೆ.

“ಊರಲ್ಲಿ ಹತ್ತು ಜನ ಹೊನ್ನಿ ಇದಾರಾ? ಹೊನ್ನೇಶ್ವರಿ. ಬೋರಕ್ಕನ ಮಗಳು. ಒಂದರಿಂದ ಎಂಟನೇ ಕ್ಲಾಸ್ ತನಕ ನಿನ್ನ ಬಲಗಡೆ ಕೂತ್ಕೋತಿದ್ಳಲ್ಲ, ಅವಳು. ನಾನು ಎಡಗಡೆ. ನೆನಪು ಬಂತಾ?”

“ಯಾರು ಹೇಳಿದ್ರು?”

“ಅಮ್ಮೀ ಬಟ್ಟೆ ಹೊಲಿಯೋಕೆ ಕೊಡೋಕೆ ಹೋಗಿದ್ರು. ಟೈಲರ್ ಶಾಂತಕ್ಕನ ಮನೇಲಿ ಇಳ್ಕೊಂಡಿದಾಳೆ. ದಿನಾ ಮಧ್ಯಾಹ್ನ ಸ್ಕೂಲ್ ಫೀಲ್ಡಿಗೆ ಹೋಗಿ ಕೂತ್ಕೋತಾಳಂತೆ. ಬೋರಕ್ಕ ತೀರಿಕೊಂಡು ಒಂದು ವರ್ಷ ಆಯ್ತಂತೆ ಕಣೇ.” ಇಷ್ಟು ಹೇಳಿ ನಗ್ಮಾ ಖಾಲಿ ಲೋಟದ ತಳ ನೋಡುತ್ತ ಕೂತಳು. ಆಮೇಲೆ ಮೆಲ್ಲಗೆ, “ನಾಳೆ ತಾರೀಖು ಎಷ್ಟು ಅಂತ ನೋಡಿದೀಯಾ?” ಎಂದಳು.

ನೋಡಬೇಕಾಗಿರಲಿಲ್ಲ. ನಮ್ಮೂರಿನವರಿಗೆ ಇಂಥ ತಾರೀಖುಗಳು ಕ್ಯಾಲೆಂಡರಿಲ್ಲದೆಯೂ ಗೊತ್ತಿರುತ್ತವೆ.

ಬೇರೆ ಊರುಗಳ ಬಂಡೆಗಳು ಕೂಗಿದ್ದನ್ನು ಕೂಡಲೇ ಹಿಂದಕ್ಕೆ ಕೊಡುತ್ತವಂತೆ. ನಮ್ಮದು ನಿಧಾನ. ಪಡುವಣದಲ್ಲಿ ಊರಿನಷ್ಟೇ ಅಗಲಕ್ಕೆ ಕೂತಿರುವ ಬಂಡೆಯ ಕಡೆ ಮುಖಮಾಡಿ ಯಾರಾದರೂ ಜೋರಾಗಿ ಕೂಗಿದರೆ, ಅದು ಎಂಟು ವರ್ಷಕ್ಕೆ ಸರಿಯಾಗಿ, ಅದೇ ತಾರೀಖು ಅದೇ ಗಳಿಗೆಗೆ ವಾಪಸ್ಸು ಬರುತ್ತದೆ. ಮೆಲ್ಲಗೆ ಆಡಿದ್ದು ಬರುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಲು ಹೋದರೆ ಬರೀ ಗಾಳಿಯ ಸದ್ದು ಸಿಗುತ್ತದೆ. ನಾವೆಲ್ಲರೂ ಒಂದಲ್ಲ ಒಂದು ದಿನ ಪ್ರಯತ್ನಿಸಿ ಸೋತವರೇ. ಯಾವಾಗಲೋ ನಿಂತುಹೋದ ಬಸ್ಸಿನ ಕಂಡಕ್ಟರ್ ಬೆಳಗ್ಗೆ ಏಳಕ್ಕೆ ಇನ್ನೂ “ಬೇಗ ಹತ್ರಿ, ಹತ್ರಿ” ಎಂದು ಕೂಗುತ್ತಾನೆ. ಊರಿಗೆ ಹೊಸದಾಗಿ ವರ್ಗವಾಗಿ ಬಂದ ಮೇಷ್ಟ್ರುಗಳು ಬ್ಯಾಗು ಹಿಡಿದು ಓಡುತ್ತಾರೆ. ಜಗಳವಾಡುವವರು ಮಾತ್ರ ಬಂಡೆಗೆ ಬೆನ್ನು ಹಾಕಿಯೇ ಆಡಬೇಕು. ಇಬ್ಬರೂ ಬೆನ್ನು ಹಾಕಬೇಕಾದ್ದರಿಂದ ಗಂಡ ಹೆಂಡತಿ ಅಕ್ಕಪಕ್ಕ ನಿಂತುಕೊಂಡು, ಒಬ್ಬರನ್ನೊಬ್ಬರು ನೋಡದೆ, ಮೂಡಣ ದಿಕ್ಕನ್ನು ಬೈಯುತ್ತಿರುತ್ತಾರೆ. ದೂರದಿಂದ ನೋಡಿದರೆ ಫೋಟೋಗೆ ನಿಂತ ಹಾಗೆ ಕಾಣುತ್ತದೆ.

ಯಾರಾದರೂ ಸತ್ತರೆ ನಮ್ಮೂರಲ್ಲಿ ಅವರ ಧ್ವನಿ ಇನ್ನೂ ಎಂಟು ವರ್ಷ ಓಡಾಡಿಕೊಂಡಿರುತ್ತದೆ. ಕೊನೆಯದಾಗಿ ಬರುವುದನ್ನು ಕೊನೆಕೂಗು ಅನ್ನುತ್ತೇವೆ. ಅವತ್ತು ಬೀದಿಯವರೆಲ್ಲ ಬಂದು ಸುಮ್ಮನೆ ಕೂತು ಕೇಳಿ, ಮನೆಗೊಂದು ಪಾವಿನಂತೆ ತಂದ ಅಕ್ಕಿಯಲ್ಲಿ ಅಡುಗೆ ಮಾಡಿಸಿ, ಉಂಡು ಹೋಗುತ್ತಾರೆ. ನಮ್ಮಜ್ಜ ದಿನಾ ಬೆಳಗ್ಗೆ ಹಿತ್ತಲಿಂದ “ಏಯ್, ಕಾಫಿ ಆಯ್ತೇನೇ” ಎಂದು ಕೂಗುತ್ತಿದ್ದ. ಅವನು ಹೋದ ಮೇಲೂ ಎಂಟು ವರ್ಷ ಅಜ್ಜಿ ಒಲೆಯ ಮುಂದಿನಿಂದಲೇ “ಆಯ್ತು, ಬಂದೆ” ಎನ್ನುತ್ತಿದ್ದಳು. ಅಜ್ಜನ ಕೊನೆಕೂಗು ಹೋದ ವರ್ಷ ಆಯಿತು. ಅದೂ ಕಾಫಿಯದ್ದೇ. ಅಜ್ಜಿ ಅವತ್ತು ಎರಡು ಲೋಟ ಕಾಫಿ ಕುಡಿದು, “ಮುಗೀತಪ್ಪ ಇವನ ಕಾಟ” ಎಂದು ಹೇಳಿ, ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಬೋರಕ್ಕನ ಕೂಗು ಹಾಗೆ ಒಂದು ಮನೆಯದ್ದಲ್ಲ, ಊರಿನದ್ದು. ಅವಳು ನಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು. ಬೆಲ್ ಹೊಡೆದರೂ ನಾವು ಕದಲುತ್ತಿರಲಿಲ್ಲ, ಬೋರಕ್ಕ ಅಡುಗೆಕೋಣೆಯ ಬಾಗಿಲಿಗೆ ಬಂದು ಕೂಗಬೇಕು. ಮೊದಲು “ಸಣ್ಣೋರು ಬರ್ರಪ್ಪೋ.” ಅವರು ಕೂತು ಅರ್ಧ ಉಂಡ ಮೇಲೆ “ದೊಡ್ಡೋರು ಬರ್ರವ್ವೋ, ತಟ್ಟೆ ತೊಳ್ಕೊಂಡು ಬರ್ರವ್ವೋ.” ಅಡುಗೆಕೋಣೆಯ ಬಾಗಿಲು ಬಂಡೆಗೆ ನೇರ ಇತ್ತು. ಹಾಗಾಗಿ ಇವತ್ತಿಗೂ ಊರಿನ ಅರ್ಧ ಜನ ಗಡಿಯಾರ ನೋಡುವುದಿಲ್ಲ. ಬಂಡೆಯಿಂದ ಸಣ್ಣವರ ಕೂಗು ಬಂದಾಗ ಅಕ್ಕಿ ತೊಳೆಯುವವರು ತೊಳೆಯುತ್ತಾರೆ, ದೊಡ್ಡವರ ಕೂಗಿಗೆ ಅಂಗಡಿಯವರು ಬಾಗಿಲು ಎಳೆದುಕೊಂಡು ಊಟಕ್ಕೆ ಹೋಗುತ್ತಾರೆ. ಮೂವತ್ತು ವರ್ಷ ದಾಟಿದ ಗಂಡಸರೂ ಆ ಹೊತ್ತಿಗೆ ಕೈ ತೊಳೆಯುವುದನ್ನು ನಾನೇ ನೋಡಿದ್ದೇನೆ.

ನಾಳೆ ಅದರ ಕೊನೆ. ಎಂಟು ವರ್ಷದ ಹಿಂದೆ ನಾಳೆಯ ದಿನವೇ ಬೋರಕ್ಕ ಆ ಬಾಗಿಲಲ್ಲಿ ಕಡೆಯದಾಗಿ ನಿಂತಿದ್ದು. ಅದರಾಚೆ ಅವಳನ್ನು ಅಲ್ಲಿ ನಿಲ್ಲಲು ಬಿಡಲಿಲ್ಲ. ಅದಕ್ಕೆ ಕಾರಣ ನಾನು.

ನಮಗಾಗ ಹದಿಮೂರು. ಎಂಟನೇ ಕ್ಲಾಸಿನವರು ಸರದಿಯ ಮೇಲೆ ಸಣ್ಣವರಿಗೆ ಬಡಿಸಬೇಕಿತ್ತು. ಅವತ್ತಿನ ಸರದಿ ನಂದು ಮತ್ತು ನಗ್ಮಾಳದು. ಹೊನ್ನಿ ಒಳಗೆ ಲೋಟ ತೊಳೆಯುತ್ತಿದ್ದಳು. ನಾನು ಸಾರಿನ ಬಕೆಟ್ಟಿಗೆ ಸೌಟು ಇಳಿಸಿ ಎತ್ತಿದಾಗ ಅದರೊಳಗೆ ಉದ್ದಕ್ಕೆ, ತುದಿ ಸಣ್ಣಗೆ, ಬಾಲ ಸುತ್ತಿಕೊಂಡ ಹಾಗೆ ಏನೋ ಕಂಡಿತು. ನನಗೆ ಮೊದಲೇ ಹಲ್ಲಿ ಅಂದರೆ ಪ್ರಾಣ ಹೋಗುತ್ತದೆ. ಬಕೆಟ್ಟು ಕೈಬಿಟ್ಟು, ಬಂಡೆಯ ಕಡೆಗೇ ಮುಖಮಾಡಿ, “ಸಾರಲ್ಲಿ ಹಲ್ಲಿ ಬಿದ್ದೈತೆ, ಯಾರೂ ತಿನ್ಬೇಡ್ರೋ” ಎಂದು ಕಿರುಚಿದೆ. ಬೋರಕ್ಕ ಬಾಗಿಲಲ್ಲಿ ನಿಂತು ದೊಡ್ಡವರನ್ನು ಕರೆಯುತ್ತಿದ್ದಳು. ನನ್ನ ಕೂಗು ಅವಳ ಕೂಗಿನ ನಡುವೆಯೇ ಬಿತ್ತು. ಅಷ್ಟೇ. ಒಂದು ಮಗು ವಾಂತಿ ಮಾಡಿತು. ಅದನ್ನು ನೋಡಿ ಇನ್ನೊಂದು. ಹತ್ತು ನಿಮಿಷದಲ್ಲಿ ಅರವತ್ತು ಮಕ್ಕಳು ಫೀಲ್ಡಿನ ತುಂಬ ಬಗ್ಗಿ ನಿಂತಿದ್ದವು. ಅಪ್ಪ ಅಮ್ಮಂದಿರು ಓಡಿ ಬಂದರು, ಜೀಪು ಬಂತು. ಆ ಗಲಾಟೆಯಲ್ಲಿ ಮೊದಲು ಕೂಗಿದ್ದು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ಹಲ್ಲಿಯನ್ನು ಹುಡುಕಿದರು. ಸಿಗದಿದ್ದಾಗ ನಾಯಿ ತಿಂದಿರಬೇಕು ಎಂದರು.

ಸಂಜೆ ನಗ್ಮಾ ನಮ್ಮ ಮನೆಯ ಹಿತ್ತಲಿಗೆ ಬಂದು, ನನ್ನ ಕಿವಿಗೆ ಬಾಯಿಟ್ಟು, “ಅದು ಹಲ್ಲಿ ಅಲ್ಲ ಕಣೇ, ನುಗ್ಗೆಕಾಯಿ ಸಿಪ್ಪೆ. ನೀನು ಓಡಿದ್ಮೇಲೆ ನಾನು ಸೌಟಲ್ಲಿ ಎತ್ತಿ ನೋಡ್ದೆ. ಭಯ ಆಗಿ ಕಾಂಪೌಂಡ್ ಆಚೆ ಎಸೆದ್ಬಿಟ್ಟೆ” ಎಂದಳು. ಬೆಳಗ್ಗೆ ಹೆಡ್‌ಮಾಸ್ಟರಿಗೆ ಹೇಳೋಣ ಅಂದುಕೊಂಡೆವು. ಬೆಳಗ್ಗೆ ಬೋರಕ್ಕನ ಜಾಗದಲ್ಲಿ ಬೇರೆ ಯಾರೋ ಇದ್ದರು. ಮರುದಿನ ಹೇಳೋಣ ಎಂದುಕೊಂಡೆವು. ಹದಿನೈದು ದಿನಕ್ಕೆ ಬೋರಕ್ಕ ಬಾಡಿಗೆ ಮನೆ ಖಾಲಿ ಮಾಡಿ, ಒಂದು ಟೆಂಪೋದಲ್ಲಿ ಪಾತ್ರೆ, ಹೊನ್ನಿ, ಎರಡು ಗೋಣಿಚೀಲ ಹಾಕಿಕೊಂಡು ಹೊರಟುಹೋದಳು. ಹೊನ್ನಿ ಟೆಂಪೋದಿಂದ ಕೈ ಬೀಸಿದಳು. ನಾವು ಬೀಸಿದೆವು. ಇಷ್ಟನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

“ನಾಳೆ ಊರಿಗೂರೇ ಫೀಲ್ಡಲ್ಲಿ ಕೂತಿರುತ್ತೆ. ಬೋರಕ್ಕನ ಕೂಗು ಬರುತ್ತೆ, ಅದರ ಜೊತೆಗೆ ನಿಂದು ಬರುತ್ತೆ. ನಿನ್ನ ಧ್ವನಿ ಏನು ಬದಲಾಗಿಲ್ಲ, ಈಗ್ಲೂ ಹಾಗೇ ಕೀರಲು” ಎಂದಳು ನಗ್ಮಾ.

“ಸಮಾಧಾನ ಮಾಡ್ತಿದೀಯಾ?”

“ಇರು, ಹೇಳ್ತೀನಿ. ತಟ್ಟೆ ಬಡಿಯೋಣ.”

ಅದಕ್ಕೂ ನಮ್ಮೂರಲ್ಲಿ ದಾರಿ ಇದೆ. ಹಳೆಯ ಬೈಗುಳವೋ, ಕುಡಿದು ಕೂಗಿದ್ದೋ, ಹೆಂಡತಿಗೆ ತಿಳಿಯಬಾರದ ಹೆಸರೋ ವಾಪಸ್ಸು ಬರುವುದಿದ್ದರೆ, ಆ ಹೊತ್ತಿಗೆ ಸರಿಯಾಗಿ ಮನೆಯವರು ಹಿತ್ತಾಳೆ ತಟ್ಟೆ ಬಡಿದು ಸದ್ದು ಮಾಡುತ್ತಾರೆ. ಅಕ್ಕಪಕ್ಕದವರೂ ತಮ್ಮ ತಟ್ಟೆ ತಂದು ಕೈ ಜೋಡಿಸುತ್ತಾರೆ. ತಟ್ಟೆ ಕೇಳಲು ಬಂದವರನ್ನು ಯಾಕೆ ಎಂದು ಕೇಳಬಾರದು.

“ಬೋರಕ್ಕನ ಕೂಗೂ ಮುಚ್ಚಿಹೋಗುತ್ತಲ್ಲೇ” ಎಂದೆ.

“ಸಣ್ಣೋರ ಕೂಗು ಪೂರ್ತಿ ಕೇಳಿಸ್ಲಿ. ಎರಡನೇದಕ್ಕೆ ಶುರು ಮಾಡೋಣ.”

“ಕೊನೇದು ಎರಡನೇದೇ ಅಲ್ವಾ?”

ನಗ್ಮಾ ಎದ್ದು ಅಡುಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು. “ಅಜ್ಜಿ, ಎರಡು ತಟ್ಟೆ ಬೇಕಿತ್ತು” ಎಂದಳು ನಗ್ಮಾ. ಅಜ್ಜಿ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ಅಟ್ಟದ ಕಡೆ ಗದ್ದ ತೋರಿಸಿದಳು. ನಾನು ಸ್ಟೂಲು ಹತ್ತಿ ಇಳಿಸುವಾಗ, ಕಾಯಿಂದ ಕಣ್ಣೆತ್ತದೆ, “ನಾಳೆ ಬೋರಕ್ಕನದು ಐತೆ. ಪಾಪ, ಊರು ಬಿಡೋ ದಿನ ನಂತಾವ ಬಂದು ಒಂದು ಹಿಡಿ ಸಾಸ್ವೆ ಇಸ್ಕೊಂಡು ಹೋದ್ಲು, ಒಗ್ಗರಣೆಗೆ ಇಲ್ಲ ಅಂತ. ಅವಳ್ದು ಕೇಳಿಸ್ಕೊಂಡು ಆಮೇಲೆ ಏನಾದ್ರೂ ಬಡ್ಕೊಳ್ರವ್ವ” ಎಂದಳು.

ತಟ್ಟೆಗಳನ್ನು ಮಂಚದ ಕೆಳಗಿಟ್ಟು ಇಬ್ಬರೂ ಶಾಲೆಗೆ ಹೊರಟೆವು. ದಾರಿಯುದ್ದಕ್ಕೂ ನಾನು ಒಂದೇ ಮಾತು ಹೇಳುತ್ತಿದ್ದೆ: “ಬರೀ ನೋಡ್ಕೊಂಡು ಬರೋಣ. ಮಾತಾಡ್ಸೋದು ಬೇಡ.” ನಗ್ಮಾ ಪ್ರತಿ ಸಲವೂ “ಹೂಂ, ನೋಡ್ಕೊಂಡು ಬರೋಣ” ಎಂದಳು.

ಶಾಲೆಗೆ ರಜೆ ಇತ್ತು. ಅಡುಗೆಕೋಣೆಯ ಪಕ್ಕದ ಮೋಟುಗೋಡೆಯ ಮೇಲೆ ಒಬ್ಬಳು ಕಾಲು ಇಳಿಬಿಟ್ಟು ಕೂತಿದ್ದಳು. ಕೂದಲು ಕುತ್ತಿಗೆಯವರೆಗೆ ಕತ್ತರಿಸಿತ್ತು. ಚೂಡಿದಾರದ ತೋಳು ಮೊಣಕೈ ತನಕ ಮಡಿಚಿತ್ತು. ಮುಂಗೈ ಮೇಲೆ ಎಣ್ಣೆ ಸಿಡಿದ ಕಲೆಗಳು. ಬೇವಿನಮರದ ಮರೆಯಲ್ಲಿ ನಿಂತ ನಮ್ಮನ್ನು ಅವಳು ನೋಡಲಿಲ್ಲ. ಕಣ್ಣು ಮುಚ್ಚಿ ಬಂಡೆಯ ಕಡೆ ತಿರುಗಿದ್ದಳು.

“ಸಣ್ಣೋರು ಬರ್ರಪ್ಪೋ” ಎಂದಿತು ಬಂಡೆ.

ನಾನು ಈ ಕೂಗನ್ನು ಸಾವಿರ ಸಲ ಕೇಳಿದ್ದೇನೆ. ಪಾತ್ರೆ ತೊಳೆಯುತ್ತ, ಪರೀಕ್ಷೆಗೆ ಓದುತ್ತ, ಫೋನು ಒತ್ತುತ್ತ. ಅವತ್ತು ಮಾತ್ರ ಹೊನ್ನಿಯ ಮುಖ ನೋಡುತ್ತ ಕೇಳಿದೆ. ಅವಳ ತುಟಿ ಕೂಗಿನ ಜೊತೆಜೊತೆಗೇ ಅಲ್ಲಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ದೊಡ್ಡವರ ಕೂಗು ಬಂತು. “ತಟ್ಟೆ ತೊಳ್ಕೊಂಡು ಬರ್ರವ್ವೋ” ಎನ್ನುವಾಗ ಅವಳು ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು, ನಿಜಕ್ಕೂ ತೊಳೆದಿದ್ದೇನಾ ಎಂದು ನೋಡುವವರ ಹಾಗೆ.

ನಗ್ಮಾ ಮೂಗೆಳೆದಳು. ಮರೆಯಲ್ಲಿ ನಿಂತು ಮೂಗೆಳೆದರೆ ಅಡಗಿದ್ದು ದಂಡ.

“ಯಾರದು?” ಎಂದು ಹೊನ್ನಿ ಕಣ್ಣು ಬಿಟ್ಟಳು. ಒಂದು ಗಳಿಗೆ ದಿಟ್ಟಿಸಿದಳು. ಗೋಡೆಯಿಂದ ಜಿಗಿದು ಓಡಿಬಂದು ಇಬ್ಬರ ಕುತ್ತಿಗೆಗೂ ಒಂದೊಂದು ಕೈ ಹಾಕಿ ತಲೆಗೆ ತಲೆ ಢಿಕ್ಕಿ ಹೊಡೆಸಿದಳು. “ನಾಲ್ಕು ದಿನದಿಂದ ಕಾಯ್ತಿದೀನಿ, ಯಾವ ಮಹಾರಾಣಿನೂ ಬರ್ಲಿಲ್ಲ. ಲಿಕ್ಕಿ, ಇನ್ನೂ ಉಗುರು ಕಚ್ತೀಯೇನೇ? ಥೂ. ನಗ್ಮಾ, ನೀನು ಉದ್ದ ಆಗೇ ಇಲ್ಲವಲ್ಲೇ.”

“ನೀನು ಕೂದಲು ಯಾಕೆ ಹಿಂಗೆ ಮಾಡ್ಕೊಂಡಿದೀಯ, ಇಲಿ ತಿಂದಂಗೆ” ಎಂದಳು ನಗ್ಮಾ, ಅಳುತ್ತಲೇ.

“ಒಲೆ ಮುಂದೆ ನಿಲ್ಲೋಳಿಗೆ ಜಡೆ ಬೇರೆ ಕೇಡು. ಮದುವೆ ಅಡುಗೆ ಮಾಡೋರ ಜೊತೆ ಹೋಗ್ತೀನಿ ಕಣ್ರೇ. ನಾನೂರು ಜನಕ್ಕೆ ಸಾರು ಒಬ್ಳೇ ಇಳಿಸ್ತೀನಿ. ಪಿಯುಸಿ ಅರ್ಧಕ್ಕೇ ಬಿಟ್ಟೆ. ಲಿಕ್ಕಿ ಡಿಗ್ರಿ ಮುಗಿಸ್ತಿದಾಳಂತಲ್ಲ, ಶಾಂತಕ್ಕ ಹೇಳಿದ್ರು. ಖುಷಿ ಆಯ್ತು.”

ಅವಳ ಚೀಲದಿಂದ ಕೋಡುಬಳೆ ಹೊರಬಂತು. ಮೂವರೂ ಮೋಟುಗೋಡೆಯ ಮೇಲೆ ಕೂತೆವು. ಯಾರೂ ಹೇಳಿರಲಿಲ್ಲ, ಆದರೂ ಹೊನ್ನಿ ನನ್ನ ಬಲಕ್ಕೆ, ನಗ್ಮಾ ಎಡಕ್ಕೆ. ಕೋಡುಬಳೆ ಕಡಿಯುವ ಸದ್ದಿನಲ್ಲಿ ಒಂದರ್ಧ ಗಂಟೆ ಎಂಟು ವರ್ಷ ಹಿಂದಕ್ಕೆ ಹೋಗಿಬಂದೆವು. ಮಗ್ಗಿ ತಪ್ಪಿದವರ ಜಡೆಯನ್ನು ಕಿಟಕಿ ಸರಳಿಗೆ ಕಟ್ಟಿಸುತ್ತಿದ್ದ ಮೇಡಂ, ಹೊನ್ನಿ ನಿದ್ದೆಯಲ್ಲಿ ಡೆಸ್ಕಿನಿಂದ ಬಿದ್ದದ್ದು, ನಗ್ಮಾ ಎಡಗಾಲಿನ ಶೂ ಕಳೆದುಕೊಂಡು ಒಂದು ವರ್ಷ ಪೂರ್ತಿ ಎರಡೂ ಕಾಲಿಗೆ ಬಲಗಾಲಿನದ್ದೇ ಹಾಕಿಕೊಂಡು ಬಂದದ್ದು. ನಾನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಗುತ್ತಿರುವಷ್ಟು ಹೊತ್ತು ಬೇರೆ ಮಾತು ಬರುವುದಿಲ್ಲ ಎಂಬುದೊಂದೇ ನನ್ನ ಆಸೆಯಾಗಿತ್ತು.

“ನಾಳೆ ನೀವಿಬ್ರೂ ಬರ್ಬೇಕು” ಎಂದಳು ಹೊನ್ನಿ. “ನೀವೇ ಬರ್ತೀರ ಅಂತ ನಿಮ್ಮ ಬೀದಿ ಬಿಟ್ಟು ಮಿಕ್ಕ ಬೀದಿಗೆಲ್ಲ ಹೋಗಿ ಕೇಳ್ಕೊಂಡು ಬಂದಿದೀನಿ, ನಾಳೆ ಆ ಹೊತ್ತಿಗೆ ಯಾರೂ ತಟ್ಟೆ ಬಡೀಬೇಡ್ರಿ ಅಂತ. ನಮ್ಮಮ್ಮಂದು ಒಂದು ಅಕ್ಷರನೂ ಕಳ್ಕೊಳ್ಳೋಕೆ ನಂಗೆ ಇಷ್ಟ ಇಲ್ಲ.”

ನಗ್ಮಾಳ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು.

“ನಾಳೆ ಅದರ ಜೊತೆಗೆ ಬೇರೆ ಕೂಗೂ ಬರುತ್ತಲ್ಲ” ಎಂದೆ.

“ಹಲ್ಲಿದಾ? ಬರ್ಲಿ ಬಿಡು. ಯಾವ್ದೋ ಮಗು ಹೆದರ್ಕೊಂಡು ಕೂಗಿತ್ತು. ಯಾರು ಅಂತ ಅಮ್ಮಂಗೆ ಗೊತ್ತಿತ್ತೇನೋ. ಕೇಳ್ದಾಗೆಲ್ಲ, ‘ಮಕ್ಕಳ ಧ್ವನಿ ಎಲ್ಲಾ ಒಂದೇ ಥರ ಇರ್ತೈತೆ ಕಣೇ’ ಅಂತಿದ್ಲು. ಕೂಗಿದ ಮಗುದು ಏನು ತಪ್ಪು? ಹಲ್ಲಿ ಬಿದ್ದಿದ್ದು ನನ್ನಿಂದ.”

“ಏನು?” ಎಂದೆವು ಇಬ್ಬರೂ.

ಹೊನ್ನಿ ಅಡುಗೆಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. “ಅವತ್ತು ಬೆಳಗ್ಗೆ ಅಮ್ಮ ನೀರಿಗೆ ಹೋಗಿದ್ಲು. ನಾನು ಸಾರಿನ ಪಾತ್ರೆ ಮುಚ್ಚಳ ತೆಗ್ದು ಒಂದು ಆಲೂಗಡ್ಡೆ ತಿಂದೆ. ಅಷ್ಟರಲ್ಲಿ ಪ್ರೇಯರ್ ಬೆಲ್ ಹೊಡೀತು, ಓಡ್ದೆ. ಮುಚ್ಚಳ ಮುಚ್ಚಿದ್ನಾ ಇಲ್ವಾ, ಇವತ್ತಿಗೂ ಗೊತ್ತಿಲ್ಲ. ಅಮ್ಮಂಗೆ ಹೇಳ್ದೆ, ಊರು ಬಿಟ್ಟ ಮೇಲೆ. ಬೈಲಿಲ್ಲ. ಆದ್ರೆ ಆಮೇಲೆ ಅವಳು ಎಲ್ಲಿ ಅಡುಗೆ ಮಾಡಿದ್ರೂ ಬ್ಯಾಟರಿ ಬೆಳಕು ಬಿಟ್ಟು ನೋಡ್ದೆ ಪಾತ್ರೆ ಇಳಿಸ್ತಿರ್ಲಿಲ್ಲ. ಹಗಲಲ್ಲೂ ಬ್ಯಾಟರಿ. ಜನ ನಗ್ತಿದ್ರು. ನಾನೂ ಹಂಗೇ ಆಗಿದೀನಿ. ರಾತ್ರಿ ಮಲಗಿರ್ತೀನಿ, ಎದ್ದು ಹೋಗಿ ಮುಚ್ಚಳ ಮುಟ್ಟಿ ಬರ್ತೀನಿ. ಒಂದು ಆಲೂಗಡ್ಡೆ ಆಸೆಗೆ ಅಮ್ಮನ ಹೆಸರು ಹೋಯ್ತು ಅಂತ...”

ನಾನು ನಗ್ಮಾಳನ್ನು ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. ಬೇಡ ಎಂದಳೋ, ಹೇಳು ಎಂದಳೋ ಗೊತ್ತಾಗಲಿಲ್ಲ. ಮಂಚದ ಕೆಳಗಿನ ತಟ್ಟೆಗಳ ಯೋಚನೆ ಆ ಗಳಿಗೆಯಲ್ಲಿ ನನಗೆ ಅಸಹ್ಯ ತಂದಿತು. ಊರು ಏನನ್ನುತ್ತದೋ ಎಂದು ಬೆಳಗ್ಗಿನಿಂದ ಹೆದರಿದ್ದೆ. ನನ್ನ ಪಕ್ಕದಲ್ಲೇ ಕೂತವಳು ನನ್ನ ತಪ್ಪನ್ನು ತಾನೇ ಹೊತ್ತುಕೊಂಡು ತಿರುಗುತ್ತಿದ್ದಳು.

“ಅದು ಹಲ್ಲಿ ಅಲ್ಲ” ಎಂದೆ. “ನುಗ್ಗೆಕಾಯಿ ಸಿಪ್ಪೆ. ಕೂಗಿದ್ದು ನಾನು. ಹಲ್ಲಿ ಥರ ಕಾಣಿಸ್ತು, ಕೂಗ್ಬಿಟ್ಟೆ. ಸಂಜೆ ಹೊತ್ತಿಗೆ ಗೊತ್ತಾಯ್ತು ಅಲ್ಲ ಅಂತ. ಯಾರಿಗೂ ಹೇಳ್ಲಿಲ್ಲ.”

“ಸಿಪ್ಪೆ ಎತ್ತಿ ಬಿಸಾಕಿದ್ದು ನಾನು” ಎಂದಳು ನಗ್ಮಾ. “ನಾನು ನೋಡ್ದೆ. ಅಲ್ಲೇ ಹೇಳಿದ್ರೆ ಮುಗೀತಿತ್ತು. ಕಾಂಪೌಂಡ್ ಆಚೆ ಎಸೆದೆ.”

ಹೊನ್ನಿ ನಮ್ಮಿಬ್ಬರನ್ನೂ ನೋಡಿದಳು. ಕೈಯಲ್ಲಿದ್ದ ಕೋಡುಬಳೆಯನ್ನು ಗೋಡೆಯ ಮೇಲೆ ನಿಧಾನವಾಗಿ ಇಟ್ಟಳು.

“ಇಳೀರಿ” ಎಂದಳು. ಇಳಿದೆವು. “ತಿರುಗ್ರಿ.”

ತಿರುಗಿದೆವು. ಮೂವರೂ ಬಂಡೆಗೆ ಬೆನ್ನು ಹಾಕಿ, ಮೂಡಣಕ್ಕೆ ಮುಖ ಮಾಡಿ ಸಾಲಾಗಿ ನಿಂತೆವು. ಅವಳು ನಡುವೆ. ಎದುರಿಗೆ ನೀರಿನ ಟ್ಯಾಂಕು, ಅದರ ನೆರಳಿನಲ್ಲಿ ಎರಡು ಆಡು. ಹೊನ್ನಿ ಆಮೇಲೆ ಬೈದಳು. ಅವಳು ಎಷ್ಟು ಬೈದಳೆಂದರೆ ಆಡುಗಳು ಎದ್ದು ಹೋದವು. ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬರು ನಮ್ಮ ಸಾಲನ್ನು ಕಂಡು ಜಗಳವೆಂದು ತಿಳಿದು, ಮರ್ಯಾದೆಯಿಂದ ಇಳಿದು ಬೇರೆ ದಾರಿ ಹಿಡಿದರು.

“ಎಂಟು ವರ್ಷ ಕಣ್ರೇ. ಎಂಟು ವರ್ಷ ಒಂದು ಮುಚ್ಚಳ ಹಿಡ್ಕೊಂಡು ಬದುಕಿದೀನಿ ನಾನು. ನಿಮ್ಗೆ ನನ್ನ ಅಡ್ರೆಸ್ ಸಿಗ್ಲಿಲ್ವಾ? ಶಾಂತಕ್ಕನ ಹತ್ರ ಕೇಳೋಕೆ ಬಾಯಿ ಇರ್ಲಿಲ್ವಾ? ಪಾನಿಪುರಿ ತಿನ್ನೋಕೆ ಇರುತ್ತೆ.”

ಪಾನಿಪುರಿಯ ವಿಷಯ ಅವಳಿಗೆ ಹೇಗೆ ಗೊತ್ತಾಯಿತೋ. ಶಾಂತಕ್ಕನೇ ಇರಬೇಕು.

“ಭಯ ಆಗಿತ್ತು” ಎಂದೆ, ನೀರಿನ ಟ್ಯಾಂಕಿಗೆ.

“ನಂಗಾಗಿರ್ಲಿಲ್ವಾ? ನಿಂಗೂ ಹದಿಮೂರು, ನಂಗೂ ಹದಿಮೂರು. ಭಯ ಮೂವರಿಗೂ ಆಗಿತ್ತು, ಮನೆ ಖಾಲಿ ಮಾಡಿದ್ದು ನಾವೊಬ್ರೇ.”

ಹೂಂ ಎಂದೆ. ನಗ್ಮಾಳೂ ಹೂಂ ಎಂದಳು.

“ನಂಗೆ ಹೇಳೋದು ಇರ್ಲಿ. ಅಮ್ಮಂಗೆ ಹೇಳ್ಬೇಕಿತ್ತು. ಒಂದು ಸಲ ಬಂದು, ಅಕ್ಕಾ ನಿನ್ನ ಸಾರಲ್ಲಿ ಏನೂ ಇರ್ಲಿಲ್ಲ ಅಂದಿದ್ರೆ ಆ ಬ್ಯಾಟರಿ ಮೂಲೆಗೆ ಎಸೀತಿದ್ಲು.” ಅಲ್ಲಿಗೆ ಹೊನ್ನಿಯ ಧ್ವನಿ ಒಡೆಯಿತು. ನಾನು ಅವಳ ಕೈ ಹಿಡಿಯಲು ಹೋದೆ, ಕೊಸರಿಕೊಂಡಳು. ಚೀಲವನ್ನೂ ತೆಗೆದುಕೊಳ್ಳದೆ ಗೇಟಿನ ಕಡೆ ದಡದಡ ನಡೆದಳು.

ನಾವಿಬ್ಬರೂ ಹಾಗೇ ನಿಂತಿದ್ದೆವು. ಜಗಳ ಮುಗಿದಿದೆಯೋ ಇಲ್ಲವೋ ತಿಳಿಯದೆ ಬಂಡೆಯ ಕಡೆ ತಿರುಗುವುದಕ್ಕೂ ಧೈರ್ಯ ಬರಲಿಲ್ಲ. “ಹೋದ್ಲಾ?” ಎಂದು ನಗ್ಮಾ ಪಿಸುಗುಟ್ಟಿದಳು. “ಗೇಟ್ ಹತ್ರ ನಿಂತಿದಾಳೆ” ಎಂದೆ, ಕಣ್ಣಂಚಲ್ಲಿ ನೋಡಿ. ಹೊನ್ನಿ ಗೇಟಿನ ಸರಳು ಹಿಡಿದುಕೊಂಡು ನಮಗೆ ಬೆನ್ನು ಹಾಕಿ ನಿಂತಿದ್ದಳು. ಒಂದು ಸಲ ಅವಳ ಭುಜ ಎದ್ದು ಇಳಿಯಿತು. ಆಮೇಲೆ ಅವಳ ಬಲಗೈ ಮುಚ್ಚಳ ಎತ್ತುವವರ ಹಾಗೆ ಗಾಳಿಯಲ್ಲಿ ಸ್ವಲ್ಪ ಮೇಲೆದ್ದು, ಹಾಗೇ ಸಡಿಲವಾಗಿ ಕೆಳಗಿಳಿಯಿತು. ನಾನದನ್ನು ನೋಡಬಾರದಿತ್ತೇನೋ ಅನ್ನಿಸಿ ನೀರಿನ ಟ್ಯಾಂಕನ್ನೇ ನೋಡಿದೆ.

ತಿರುಗಿ ಬಂದಾಗ ಅವಳ ಮೂಗು ಕೆಂಪಗಿತ್ತು. ಚೀಲ ಎತ್ತಿಕೊಂಡು ಹೋಗಿಬಿಡುತ್ತಾಳೆ ಅಂದುಕೊಂಡೆ. ಅವಳು ಗೋಡೆಯ ಮೇಲಿಟ್ಟಿದ್ದ ಕೋಡುಬಳೆ ಎತ್ತಿ, ಮಣ್ಣು ಊದಿ, ಕಡಿದಳು.

“ಸಿಪ್ಪೆನಾ” ಎಂದಳು.

“ಸಿಪ್ಪೆ” ಎಂದಳು ನಗ್ಮಾ. “ಇಷ್ಟುದ್ದ. ಅಲ್ಲಾನ ಆಣೆ.”

“ಮುಚ್ಚಳಕ್ಕೂ ಅದಕ್ಕೂ ಸಂಬಂಧನೇ ಇಲ್ಲ.”

“ಇಲ್ಲ.”

ಹೊನ್ನಿ ಇನ್ನೊಂದು ಸಲ ಕಡಿದಳು. “ನಾಳೆ ಎಷ್ಟು ಜನ ಬರ್ಬಹುದು?”

“ಮುನ್ನೂರಕ್ಕೆ ಮೋಸ ಇಲ್ಲ” ಎಂದೆ. “ಬೋರಕ್ಕನ ಕೈಯಲ್ಲಿ ಉಂಡೋರೆಲ್ಲ ಬರ್ತಾರೆ.”

“ಸಣ್ಣೋರ ಕೂಗು ಬರೋಕೆ ಮುಂಚೆ ನೀನು ಎದ್ದು ನಿಂತು ಹೇಳ್ಬೇಕು. ಅವತ್ತು ಕೂಗಿದ್ದು ನಾನು, ಅದು ಹಲ್ಲಿ ಅಲ್ಲ, ಬೋರಕ್ಕನ ಸಾರಲ್ಲಿ ಏನೂ ಇರ್ಲಿಲ್ಲ ಅಂತ. ಬಂಡೆ ಹೇಳೋಕೆ ಮುಂಚೆ ನಿನ್ನ ಬಾಯಿಂದ ಬರ್ಬೇಕು. ನಗ್ಮಾ ತನ್ನದನ್ನ ತಾನು ಹೇಳ್ಲಿ. ನಾನು ಪಕ್ಕದಲ್ಲಿ ನಿಂತು ಕೈ ಹಿಡ್ಕೋತೀನಿ ಅಂತ ತಿಳ್ಕೋಬೇಡ್ರಿ. ನಂಗೆ ಒಲೆ ಹತ್ರ ಕೆಲ್ಸ ಇರುತ್ತೆ.”

“ಜನ ಏನಾದ್ರೂ ಅಂದ್ರೆ?”

“ಅಂತಾರೆ. ಅನ್ನಿಸ್ಕೋ. ನಮ್ಮಮ್ಮ ಅನ್ನಿಸ್ಕೊಳ್ಳಲಿಲ್ವಾ?”

“ಹೇಳ್ತೀನಿ” ಎಂದೆ. ಬೆಳಗ್ಗಿನಿಂದ ಮೊದಲ ಸಲ ನನಗೆ ಹಸಿವಾಯಿತು. “ಆಮೇಲೆ?”

“ಆಮೇಲೆ ಏನು? ಅಮ್ಮನ ಕೂಗು ಕೇಳ್ತೀವಿ, ನಿನ್ನ ಕೀರಲೂ ಕೇಳ್ತೀವಿ. ಆಮೇಲೆ ಇಬ್ರೂ ಬಕೆಟ್ ಎತ್ಕೊಂಡು ಬಡಿಸ್ತೀರ. ಅವತ್ತಿನ ಸರದಿ ಅರ್ಧಕ್ಕೇ ಬಿಟ್ಟು ಓಡಿದ್ರಲ್ಲ.”

“ನಾವು ಎಷ್ಟು ಹೊತ್ತಿಗೆ ಬರ್ಬೇಕು?”

“ಆರು ಗಂಟೆಗೆ. ಮುನ್ನೂರು ಜನಕ್ಕೆ ತರಕಾರಿ ಹೆಚ್ಚೋರು ಯಾರು?” ಹೊನ್ನಿ ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹೋಗಿ ನಿಂತಳು. ನಗ್ಮಾಳನ್ನು ತೋರಿಸಿ, “ಇವಳಿಗೆ ಐದು ಅಂತ ಹೇಳು. ಆಗ ಆರಕ್ಕೆ ಬರ್ತಾಳೆ” ಎಂದಳು.

“ನಾನು ಇಲ್ಲೇ ನಿಂತಿದೀನಿ” ಎಂದಳು ನಗ್ಮಾ.

“ಕಾಣ್ತಿದೆ. ಐದಕ್ಕೆ ಬಾ.”